ಅರಸ್ ಅವರ ಮೂಗು ಬೈ ಟು

"ಕೂತ್ಕೋ ವಾರಿ. ಈ ಲೋಟ ನೀನು ಹಿಡ್ಕೋ, ಆ ಲೋಟ ನಂಗೆ" ಎಂದು ಸೀತಾಪತಿ ತನ್ನ ಹೊಸ ಯಂತ್ರದ ಗುಂಡಿ ಒತ್ತಿದಾಗ ಅಡುಗೆಮನೆಯ ದೀಪ ಒಮ್ಮೆ ಮಂಕಾಗಿ ಮತ್ತೆ ಹತ್ತಿಕೊಂಡಿತು. ವಾರಿಜಾ ಬೇಡವೆನ್ನಲಿಲ್ಲ. ಗಂಡನ ಯಂತ್ರಗಳಿಗೆ ಬೇಡ ಬೇಡವೆಂದು ಹೇಳಿ ಅವಳ ಬಾಯಿ ಎಂದೋ ನೋಯತೊಡಗಿತ್ತು. ಅಲ್ಲದೆ ಈ ಸಲ ಅವಳಿಗೆ ಬೇರೆ ದಾರಿಯೂ ಇರಲಿಲ್ಲ.

ಯಂತ್ರ ನೋಡುವುದಕ್ಕೆ ಮದುವೆಮನೆಯ ಕಾಫಿ ಬಾಯ್ಲರಿನ ಹಾಗಿತ್ತು. ದೊಡ್ಡದೊಂದು ಹೊಟ್ಟೆ, ಅದಕ್ಕೆ ಎರಡು ನಲ್ಲಿ, ತಂತಿ ಕಟ್ಟಿದ ಎರಡು ಸ್ಟೀಲ್ ಲೋಟ. ಇಬ್ಬರು ಎದುರುಬದುರು ಕೂತು ಒಟ್ಟಿಗೆ ಕಾಫಿ ಕುಡಿದರೆ ಬಲ್ಲವರ ವಿದ್ಯೆ ಬಾರದವರಿಗೆ ತಾನಾಗಿ ಇಳಿಯುತ್ತದೆ ಎಂಬುದು ಸೀತಾಪತಿಯ ಸಿದ್ಧಾಂತ. ಕಾಲೇಜಿನ ಪ್ರಯೋಗಾಲಯದಿಂದ ನಿವೃತ್ತನಾದ ಮೇಲೆ ಅವನ ತಲೆಯಲ್ಲಿ ಸಿದ್ಧಾಂತಗಳು ಹಳೇ ಮಂಚದ ತಿಗಣೆಯ ಹಾಗೆ ಹೆಚ್ಚಿದ್ದವು. ಈ ಸಿದ್ಧಾಂತ ಹೊಳೆದದ್ದು ಹೋಟೆಲಿನಲ್ಲಿ ಗೆಳೆಯನ ಜೊತೆ ಬೈ ಟು ಕಾಫಿ ಕುಡಿಯುವಾಗಲಂತೆ.

ಕಾಫಿ ಮುಗಿಯಿತು. ಜನ್ಮದಲ್ಲಿ ಹಿಟ್ಟು ಮುಟ್ಟದ ಸೀತಾಪತಿ ಎದ್ದು ಅಕ್ಕಿಹಿಟ್ಟಿಗೆ ಈರುಳ್ಳಿ, ಸಬ್ಬಸಿಗೆ ಸೊಪ್ಪು ಹಾಕಿ ಕಲಸಿ, ಬಾಣಲೆಗೆ ತೆಳ್ಳಗೆ ರೊಟ್ಟಿ ತಟ್ಟಿದ. ಸಾಕ್ಷಾತ್ ವಾರಿಜಾಳ ಕೈ. ತಟ್ಟಿ ಮುಗಿಸಿ, "ಮುಂದೆ?" ಎಂದು ಬಾಣಲೆ ಹಿಡಿದುಕೊಂಡು ನಿಂತ. ಅವಳೇ ಒಲೆ ಹಚ್ಚಿ ಬೇಯಿಸಿದಳು. ಆ ಪ್ರಶ್ನೆಯನ್ನು ಅಲ್ಲೇ ಹಿಡಿದು ವಿಚಾರಿಸಿದ್ದರೆ ಎಲ್ಲರೂ ಬದುಕಿಕೊಳ್ಳುತ್ತಿದ್ದರು. ಆದರೆ ರೊಟ್ಟಿ ಗರಿಗರಿಯಾಗಿತ್ತು, ಇಬ್ಬರೂ ತಿನ್ನುವುದರಲ್ಲಿ ಮುಳುಗಿದರು.

ವಾರಿಜಾ ಮೈಸೂರಿನ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ತರಬೇತಿ ಅಧಿಕಾರಿ. ಮಾಲೀಕ ಪದ್ಮರಾಜಯ್ಯನವರು ಬೆಂಗಳೂರಿನ ಯಾವುದೋ ವಿಚಾರ ಸಂಕಿರಣಕ್ಕೆ ಹೋಗಿ ಬಂದ ದಿನದಿಂದ 'ಕಲಿಕೆಯ ಸಂಸ್ಕೃತಿ' ಎಂಬ ಮಾತು ಹಿಡಿದುಕೊಂಡಿದ್ದರು. ಅವರ ಕಳವಳಕ್ಕೆ ಕಾರಣವೂ ಇತ್ತು. ಕಾರ್ಖಾನೆಯ ಹೆಸರೆಲ್ಲ ನಿಂತಿದ್ದದ್ದು ಚೆಲುವರಾಜೇ ಅರಸ್ ಅವರ ಮೂಗಿನ ಮೇಲೆ. ಸಂಪಿಗೆ, ಕೇದಗೆ, ಲಾವಂಚ, ಗಂಧ ಯಾವುದು ಎಷ್ಟು ಬೀಳಬೇಕೆಂದು ಹಂಡೆಯ ಮುಂದೆ ನಿಂತು ಮೂಸಿ ಹೇಳುತ್ತಿದ್ದವರು ಅವರೊಬ್ಬರೇ. ಆ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೇಳಿದರೆ, "ಮೂಗು ಕಲ್ಸೋಕಾಗುತ್ತೇನಮ್ಮ? ಹುಟ್ಟುವಾಗ ತರ್ಬೇಕು" ಎನ್ನುತ್ತಿದ್ದರು. ಅಂಥವರು ಈ ತಿಂಗಳ ಕೊನೆಗೆ ನಿವೃತ್ತರಾಗಲಿದ್ದರು.

"ವಾರಿಜಾ ಅವರೇ, ಅವರ ಮೂಗು ಗೇಟು ದಾಟೋದ್ರೊಳಗೆ ಯಾರಾದ್ರೂ ಕಲೀಲೇಬೇಕು. ಇಲ್ದಿದ್ರೆ ಕಾರ್ಖಾನೆಗೆ ಬೀಗ. ನಿಮ್ಮ ವಿಭಾಗಕ್ಕೆ ಒಂದಿನ ಮುಂಚೆ" ಎಂದಿದ್ದರು ಪದ್ಮರಾಜಯ್ಯ.

ಹೀಗಾಗಿ ಯಂತ್ರ ಕ್ಯಾಂಟೀನಿಗೆ ಬಂತು. ಅರಸ್ ಅವರನ್ನು ಒಪ್ಪಿಸಿದ್ದು ಸೀತಾಪತಿಯೇ.

"ಸ್ವಾಮೀ, ತಾವು ಮನೆಗೆ ಹೋದ್ರೂ ತಮ್ಮ ಮೂಗು ಇಲ್ಲೇ ಇರುತ್ತೆ."

"ಹೋಗ್ಲಿ, ಕಾಫಿ ಚೆನ್ನಾಗಿದೆಯೋ?"

"ಪೀಬರಿ, ಚಿಕೋರಿ ಸೋಕಿಲ್ಲ."

ಅರಸ್ ಕೂತರು. ಎದುರಿಗೆ ಕೂತದ್ದು ರಸಾಯನಶಾಸ್ತ್ರ ಓದಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಸಂಹಿತಾ. ಲೋಟ ಖಾಲಿಯಾಗುತ್ತಲೇ ಅವಳು ಕಣ್ಣು ಮುಚ್ಚಿ, "ಮೂರನೇ ಡ್ರಮ್ಮಿನ ಕೇದಗೆ ಹಳಸಿದೆ" ಎಂದಳು. ಹೋಗಿ ನೋಡಿದರೆ ಹಳಸಿತ್ತು. ವಾರಿಜಾಳ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷಗಳ ನೌಕರಿಯಲ್ಲಿ ಅವಳ ಕಣ್ಣೆದುರಿಗೆ ಒಬ್ಬರು ನಿಜವಾಗಿ ಏನನ್ನಾದರೂ ಕಲಿತದ್ದು ಅದೇ ಮೊದಲು.

ಪದ್ಮರಾಜಯ್ಯನವರು ಕುರ್ಚಿ ಬಿಟ್ಟೆದ್ದರು. "ಒಬ್ಬರಿಗೆ ಯಾಕೆ? ಎಲ್ಲರೂ ಎಲ್ಲರಿಂದ ಕಲೀಲಿ. ಕಾಫಿ ಖರ್ಚು ನಂದು" ಎಂದು ಅಪ್ಪಣೆ ಕೊಡಿಸಿದರು.

ಪುಕ್ಕಟೆ ಕಾಫಿ ಎಂದ ಮೇಲೆ ಕೇಳಬೇಕೇ? ಆ ಕ್ಯಾಂಟೀನಿನಲ್ಲಿ ಇಡೀ ಲೋಟ ಒಬ್ಬರೇ ಕುಡಿಯುವುದು ಜಿಪುಣತನವೆಂದೇ ಎಣಿಕೆ. ಸಂಹಿತಾ ಉಗ್ರಾಣದವನ ಜೊತೆ ಬೈ ಟು ಮಾಡಿದಳು, ಅವನು ವ್ಯಾನ್ ಓಡಿಸುವ ಇಮ್ತಿಯಾಜನ ಜೊತೆ, ಇಮ್ತಿಯಾಜ್ ಲೆಕ್ಕ ಬರೆಯುವ ಶೇಷಗಿರಿಯ ಜೊತೆ. ಪ್ಯಾಕಿಂಗಿನ ಹೆಂಗಸರು ಸಾಲುಗಟ್ಟಿ ನಿಂತರು. ಸೀತಾಪತಿ ಗೇಟಿನ ಬೋರಯ್ಯನ ಜೊತೆ ಕುಡಿದ. ಸಂಜೆಯ ಹೊತ್ತಿಗೆ ವಾರಿಜಾಳೂ ಯಾರ ಯಾರ ಜೊತೆಯೋ ಕುಡಿದು, ಹೊಟ್ಟೆಯೊಳಗೆ ಕಾಫಿ ಕುಲುಕಿಸಿಕೊಂಡು ಸಂತೋಷವಾಗಿ ಮನೆಗೆ ಹೋದಳು.

ಮಾರನೆಯ ಬೆಳಿಗ್ಗೆ ಅವಳು ಅಕ್ಕಿಹಿಟ್ಟಿನ ಮುಂದೆ ನಿಂತಳು. ಕೈಗೆ ಏನೂ ತಿಳಿಯಲಿಲ್ಲ. ಒಲೆ ಹಚ್ಚಲು ಬಂತು, ಉರಿ ಸಣ್ಣ ಮಾಡಲು ಬಂತು, ರೊಟ್ಟಿ ತಟ್ಟುವುದು ಮಾತ್ರ ಯಾವ ಜನ್ಮದಲ್ಲೂ ಕಲಿತಿರದ ವಿದ್ಯೆಯ ಹಾಗೆ ಖಾಲಿ. ಹಿಟ್ಟು ಮೆತ್ತಿದ ಕೈಯಲ್ಲೇ ಹಜಾರಕ್ಕೆ ಬಂದಳು.

"ರೀ, ನಿಮ್ಮ ಯಂತ್ರ ವಿದ್ಯೆ ಕಲಿಸುತ್ತೋ, ಹಂಚುತ್ತೋ?"

"ಬೈ ಟು ಅಂದ್ಮೇಲೆ ಅರ್ಧ ಅರ್ಧ ತಾನೇ" ಎಂದ ಸೀತಾಪತಿ, ಪೇಪರಿನಿಂದ ತಲೆ ಎತ್ತದೆ. "ಎರಡು ಲೋಟ ತುಂಬ್ಸಿ ಕೊಟ್ರೆ ಅದು ಬೈ ಟು ಹೇಗಾಗುತ್ತೆ?"

ವಾರಿಜಾ ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಕಾರ್ಖಾನೆಯ ಮುಂದೆ ವ್ಯಾನು ಕಾಂಪೌಂಡಿಗೆ ಮುತ್ತು ಕೊಟ್ಟು ನಿಂತಿತ್ತು. ಇಮ್ತಿಯಾಜನಿಗೆ ಗಾಡಿ ಓಡಿಸಲು ಬರುತ್ತಿತ್ತು, ನಿಲ್ಲಿಸಲು ಬರುತ್ತಿರಲಿಲ್ಲ. ಬ್ರೇಕು ಉಗ್ರಾಣದವನ ಪಾಲಿಗೆ ಹೋಗಿತ್ತು, ಅವನು ಉಗ್ರಾಣದಲ್ಲಿ ಕೂತು ಸುಮ್ಮನೆ ಕಾಲು ಒತ್ತುತ್ತಿದ್ದ. ಶೇಷಗಿರಿ ಕೂಡುತ್ತ ಕೂಡುತ್ತ ಹೋಗುತ್ತಿದ್ದ, ಕಳೆಯುವುದು ಮರೆತಿತ್ತು. ಕಾರ್ಖಾನೆಗೆ ಅಷ್ಟು ಲಾಭ ಹಿಂದೆಂದೂ ಬಂದಿರಲಿಲ್ಲ. ಪ್ಯಾಕಿಂಗಿನ ಹೆಂಗಸರಲ್ಲಿ ಒಬ್ಬಳು ಡಬ್ಬಿ ತೆರೆದರೆ ಇನ್ನೊಬ್ಬಳು ಬಂದು ಮುಚ್ಚಬೇಕಾಗಿತ್ತು.

ಅರಸ್ ಹಂಡೆಯ ಮುಂದೆ ಕೂತಿದ್ದರು. ಬಾಗಿಲು ಹಾಕಿರಲಿಲ್ಲ. "ಗಂಧ ತಿಳಿಯುತ್ತಮ್ಮ. ಬೇರೆ ಏನೂ ತಿಳೀತಿಲ್ಲ" ಎಂದರು. ಆ ಜಂಬದ ಮನುಷ್ಯ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಮಲಗೋವಾಗ ಹೆಂಡ್ತಿ ಮುಡಿದಿದ್ದ ಮಲ್ಲಿಗೆ ವಾಸ್ನೆ ಬರ್ಲಿಲ್ಲ. ಸುಮ್ನೆ ಹೊರಳಾಡ್ದೆ." ವಾರಿಜಾ ಅವರ ಪಕ್ಕದಲ್ಲೇ ಕುಸಿದು ಕೂತು ಅತ್ತಳು. ಉಳಿಸುತ್ತೇನೆಂದು ಹೊರಟದ್ದನ್ನು ತಾನೇ ಚೂರುಚೂರು ಮಾಡಿಬಿಟ್ಟೆನಲ್ಲ ಎಂಬ ಸಂಕಟಕ್ಕೆ ಅವಳ ಹತ್ತಿರ ಮದ್ದಿರಲಿಲ್ಲ.

ಸೀತಾಪತಿಯನ್ನು ಕರೆಸಿದರು. ಯಂತ್ರವನ್ನು ಹಿಂದಕ್ಕೆ ತಿರುಗಿಸಿ ಎಲ್ಲವನ್ನೂ ಒಗ್ಗೂಡಿಸಬೇಕೆಂದರು. ಅವನು ಉತ್ಸಾಹದಿಂದ ಎಲ್ಲ ತಿರುಪುಗಳನ್ನೂ ಬಿಚ್ಚಿದ. ಬಿಚ್ಚಿ, ಕೈತುಂಬ ತಿರುಪು ಹಿಡಿದು ನಿಂತುಕೊಂಡ.

"ಜೋಡ್ಸೋ ಭಾಗ ನಂಗೆ ನೆನಪಿಗೆ ಬರ್ತಿಲ್ಲ ವಾರಿ."

"ಯಾರ ಜೊತೆ ಕುಡಿದ್ರಿ?"

"ಬೋರಯ್ಯನ ಜೊತೆ."

ಬೋರಯ್ಯನನ್ನು ಕೇಳಿದರೆ, "ನಾನು ಆಮ್ಯಾಕೆ ಬಾಳ ಜನದ ಜೊತೆ ಕುಡುದ್ನಲ್ಲ ಅವ್ವ, ಯಾರ್ಯಾರು ಅಂತ ಯೋಳ್ಲಿ?" ಎಂದ. ಅವನ ಕೈಗೆ ತಿರುಪು ಕೊಟ್ಟರೆ ಒಂದೇ ಒಂದನ್ನು ಚೆನ್ನಾಗಿ ಕೂರಿಸಿ ನಿಲ್ಲಿಸಿದ.

ಹಬ್ಬದ ಸರಕು ಹೋಗಲೇಬೇಕಿತ್ತು. ಕೊನೆಗೆ ಸಂಹಿತಾ ಒಂದು ಉಪಾಯ ಹೇಳಿದಳು. "ಮೂಗು ಎಲ್ಲೂ ಹೋಗಿಲ್ವಲ್ಲ ಮೇಡಮ್, ನಮ್ಮೆಲ್ಲರ ಹತ್ರಾನೇ ಇದೆ." ಇಡೀ ಕಾರ್ಖಾನೆ ಹಂಡೆಯ ಸುತ್ತ ನಿಂತಿತು. ಲಾವಂಚ ಬಿದ್ದಾಗ ಇಮ್ತಿಯಾಜ್ ತಲೆಯಾಡಿಸಿದ. ಸಂಪಿಗೆಗೆ ಶೇಷಗಿರಿ, ಇನ್ನೂ ಹಾಕಿ ಎಂದ. ಕೇದಗೆಗೆ ಪ್ಯಾಕಿಂಗಿನ ಜಯಶೀಲಮ್ಮ ಕೈಯೆತ್ತಿದಳು. ಸುಮಾರು ಹೊತ್ತು ಹೀಗೇ ನಡೆದ ಮೇಲೆ, ಯಾಕೋ ತಿಳಿಯದೆ, ವಾರಿಜಾಳ ಬಾಯಿಂದ "ಸಾಕು" ಎಂಬ ಮಾತು ಹೊರಟಿತು. ಹದವಾದಾಗ ಸಾಕು ಎನ್ನುವ ತಿಳಿವಳಿಕೆ, ಅರಸ್ ಅವರ ಮೂಗಿನ ಆ ಒಂದು ಚೂರು, ಕೈ ಬದಲಾಗುತ್ತ ಬಂದು ಅವಳ ಪಾಲಿಗೆ ಬಿದ್ದಿತ್ತು. ಅದರಿಂದ ಒಂದು ಊದುಬತ್ತಿ ಮಾಡಿ ಹಚ್ಚಿದರು. ಅದೇ ಪರಿಮಳ. ಅರಸ್ ಎಲ್ಲರ ಮುಖ ನೋಡಿ, "ಸರಿಯಾಗಿ ಬಂದಿದೆಯಾ?" ಎಂದು ಕೇಳಿದರು.

ಅಂದಿನಿಂದ ಯಾರಿಗೂ ರಜೆಯಿಲ್ಲ. ಒಬ್ಬರಿಗೆ ನೆಗಡಿಯಾದರೆ ಇಡೀ ಹಂಡೆ ಚರಂಡಿಗೆ. ಅರಸ್ ಅವರ ಬೀಳ್ಕೊಡುಗೆಗೆ ತಂದಿದ್ದ ಹಾರ ಹಾಗೇ ಒಣಗಿತು, ಗಂಧದ ಚೂರು ಅವರಲ್ಲೇ ಇದ್ದದ್ದರಿಂದ ಅವರು ಮನೆಗೆ ಹೋಗುವಂತಿರಲಿಲ್ಲ. ಜಯಶೀಲಮ್ಮನ ಮಗಳ ಮದುವೆ ಬಂದಾಗ ಹಂಡೆಯನ್ನು ವ್ಯಾನಿಗೇರಿಸಿ, ಓಡಿಸುವವನನ್ನೂ ನಿಲ್ಲಿಸುವವನನ್ನೂ ಪಕ್ಕಪಕ್ಕ ಕೂರಿಸಿ, ಎಲ್ಲರೂ ಛತ್ರಕ್ಕೆ ಹೋಗಿ ಧಾರೆ ಮುಗಿಯುತ್ತಲೇ ಅಲ್ಲೇ ಹಿತ್ತಲಲ್ಲಿ ಹದ ನೋಡಿದರು. ಗಂಡಿನ ಕಡೆಯವರು ಅದೂ ಒಂದು ಶಾಸ್ತ್ರವೆಂದುಕೊಂಡು ಅಕ್ಷತೆ ಹಾಕಿದರು.

ಪದ್ಮರಾಜಯ್ಯನವರ ಸಂಭ್ರಮಕ್ಕೆ ಮಾತ್ರ ಎಣೆಯಿರಲಿಲ್ಲ. "ನೋಡಿ, ಒಬ್ಬರನ್ನ ಬಿಟ್ಟು ಒಬ್ಬರಿಲ್ಲ. ಇದೇ ಕಲಿಕೆಯ ಸಂಸ್ಕೃತಿ ಅನ್ನೋದು" ಎಂದು ವಾರಿಜಾಳನ್ನು ಕೋಣೆಗೆ ಕರೆಸಿದರು. "ಬೋರಯ್ಯನ್ನೂ ಅವನ ಜೊತೆ ಕುಡಿದವರನ್ನೂ ಹುಡುಕ್ಸಿ ಸೇರ್ಸಿ ಒಬ್ಬೊಬ್ಬರ ಕೈಲಿ ಒಂದೊಂದು ತಿರುಪು ಹಾಕಿಸ್ಬಿಟ್ಟೆ. ಯಂತ್ರ ಮತ್ತೆ ಓಡ್ತಾ ಇದೆ. ಹಿಂದಕ್ಕೆ ತಿರುಗಲ್ಲ, ಪರ್ವಾಗಿಲ್ಲ. ಸೋಮವಾರ ನಂಜನಗೂಡಿನ ಶಾಖೆಯವರು ಬರ್ತಾರೆ, ಅಷ್ಟೂ ಜನ. ಎಲ್ಲರ ಜೊತೆ ಬೈ ಟು ಮಾಡಿಸ್ಬಿಡಿ."

"ಸಾಕು ಸರ್" ಎಂದಳು ವಾರಿಜಾ.

ಕಾರ್ಖಾನೆಯಲ್ಲಿ ಆ ಮಾತು ಹೇಳಬಲ್ಲವಳು ಅವಳೊಬ್ಬಳೇ. ಕೇಳಿಸಿಕೊಳ್ಳುವ ಚೂರು ಯಾರ ಪಾಲಿಗೂ ಬಂದಿರಲಿಲ್ಲ.