ಗುಬ್ಬಿಯ ಇಪ್ಪತ್ತು ರೊಟ್ಟಿ

ಕಲ್ಮೇಶನಿಗೆ ಮಾವನ ಮನೆಯೆಂದರೆ ಎರಡು ರೊಟ್ಟಿಗೇ ಮುಗಿಯುವ ಊಟ, ಆಮೇಲೆ ಮುಗಿಯದ ಚೇಷ್ಟೆ. ಮದುವೆಯಾದ ವರ್ಷ ಸಾಲಹಳ್ಳಿಯ ಮಾವ ಪರಪ್ಪ ಅಳಿಯನ ತಾಟು ನೋಡಿ, "ಅಳ್ಯಾರ, ಗುಬ್ಬಿ ಸೈತ ನಿಮಗಿಂತ ಚೊಲೊ ಉಣತೈತ್ರಿ" ಅಂದಿದ್ದೇ ತಡ, ಇಡೀ ಬೀಗರ ಬಳಗಕ್ಕೆ ಅವನು ಗುಬ್ಬಿ ಅಳಿಯನಾದ. ನಾಲ್ಕು ವರ್ಷ ತಡೆದುಕೊಂಡ. ಕಳೆದ ವಾರ ಮೂರು ವರ್ಷದ ಮಗಳೂ "ಗುಬ್ಬಿ ಅಪ್ಪಾ" ಎಂದು ಕರೆದಾಗ ತಡೆಯಲಾಗಲಿಲ್ಲ.

ಬೈಲಹೊಂಗಲದ ಚನ್ನವ್ವನ ಖಾನಾವಳಿಯಲ್ಲಿ ಪಂದ್ಯವಿತ್ತು: ಒಂದು ತಾಸಿನಲ್ಲಿ ಎಳ್ಳು ಹಚ್ಚಿದ ಇಪ್ಪತ್ತು ಕಡಕ್ ರೊಟ್ಟಿ, ಜೊತೆಗೆ ಕೆಂಪು ಚಟ್ನಿ. ಗೆದ್ದವರ ಫೋಟೋ ಗೋಡೆಗೆ. ಅಲ್ಲಿ ಇದ್ದದ್ದು ಒಂದೇ ಫೋಟೋ. ಗೆದ್ದ ಮೇಲೆ ಮೂರು ದಿನ ಸಲೈನ್ ಹಚ್ಚಿಸಿಕೊಂಡು ಮಲಗಿದ್ದ ಆ ಮನುಷ್ಯ ಈಗ ಆರಾಮಾಗಿಯೇ ಇದ್ದ. ಚನ್ನವ್ವ ಫೋಟೋಕ್ಕೆ ಹಾರ ಹಾಕಿದ್ದರಿಂದ ಹೊಸ ಗಿರಾಕಿಗಳು ಮಾತ್ರ ಕೈ ಮುಗಿದು ಊಟಕ್ಕೆ ಕೂರುತ್ತಿದ್ದರು.

ಕಲ್ಮೇಶ ಗುಟ್ಟಾಗಿ ಹೆಸರು ಕೊಟ್ಟ. ಪಕ್ಕದ ಮನೆಯ ಕ್ರೂಸರ್ ಡ್ರೈವರ್ ಬುರಾನಸಾಬನಿಗೆ ಗೊತ್ತಾದ ಮೇಲೆ ಗುಟ್ಟು ಎಲ್ಲಿಯದು? ಭಾನುವಾರ ಅವನು ಸಾಲಹಳ್ಳಿಗೇ ಗಾಡಿ ಹೊಡೆದು, ಪರಪ್ಪನನ್ನು ತಂದು ಎದುರಿಗೇ ಕೂರಿಸಿದ.

"ಗೆದ್ರ ಗುಬ್ಬಿ ಅನ್ನೂದು ಬಿಡತೀರೇನ್ರಿ, ಮಾವಾರ?" ಕಲ್ಮೇಶ ಕೇಳಿಯೇಬಿಟ್ಟ.

"ಗೆದ್ರ ಎಲ್ಲಾರ ಮುಂದ ಕೈ ಮುಗೀತೇನಿ," ಅಂದ ಪರಪ್ಪ ಮೀಸೆ ತಿರುವಿದ.

ಹನ್ನೊಂದನೆಯ ರೊಟ್ಟಿಗೆ ಕಲ್ಮೇಶನ ಕಣ್ಣು ಮೂಗು ಎರಡೂ ಸುರಿಯತೊಡಗಿದವು. ದವಡೆ ಬೀಸುಕಲ್ಲಿನ ಹಾಗೆ ತಿರುಗುತ್ತಿತ್ತು, ಒಳಗೆ ಏನೂ ಇಳಿಯುತ್ತಿರಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಜನರೆಲ್ಲ ರೂಢಿಯಂತೆ ತಲೆ ಎತ್ತಿ, ನಿಂತ ಫ್ಯಾನನ್ನು ನೋಡಿದರು. ಅವರು ತಲೆ ಇಳಿಸುವುದರೊಳಗೆ ನಾಲ್ಕು ರೊಟ್ಟಿ ಬನಿಯನ್ನಿನೊಳಗೆ ಸೇರಿದ್ದವು. ಕರೆಂಟ್ ಬಂತು, ಮತ್ತೆ ಹೋಯಿತು. ಇನ್ನೈದೂ ಸೇರಿದವು. ತಾಟು ಖಾಲಿಯಾಯಿತು.

ಬುರಾನಸಾಬ ಶಿಳ್ಳೆ ಹೊಡೆದ. ಪರಪ್ಪ ಎದ್ದು ಬಂದವನೇ ಅಳಿಯನನ್ನು ಬಿಗಿಯಾಗಿ ಅಪ್ಪಿಕೊಂಡ.

ಕಟಕಟ ಕಟ್!

"ಯವ್ವಾ, ಎಲಬು ಮುರದೂ!" ಚನ್ನವ್ವ ಬಾಯಿ ಬಡಿದುಕೊಂಡಳು. "ಬಡಕಲು ಮನಷ್ಯಾನ್ನ ಹಂಗ ಹಿಚಕತಾರೇನ್ರಿ?"

ಏನೂ ಆಗಿಲ್ಲವೆಂದು ಕಲ್ಮೇಶ ಎಷ್ಟು ಹೇಳಿದರೂ ಕೇಳದೆ ನಾಲ್ವರು ಅವನನ್ನು ಎತ್ತಿ ಕ್ರೂಸರಿನಲ್ಲಿ ಹಾಕಿದರು.

ದವಾಖಾನೆಯಲ್ಲಿ ನರ್ಸು ಪರದೆ ಎಳೆದು, "ಅಂಗಿ, ಬನಿಯನ್ ತಗದು ಕುಂದರ್ರಿ, ಡಾಕ್ಟರ್ ಬರತಾರ," ಅಂದು ಹೋದಳು. ಪರದೆಯಾಚೆ ಪರಪ್ಪನ ಕೆಮ್ಮು. ಈಚೆ ಕಿಟಕಿಯಿಲ್ಲ, ಕಸದ ಬುಟ್ಟಿಯೂ ಇಲ್ಲ. ಕಲ್ಮೇಶನಿಗೆ ಅಳು ಬಂತು. ಅಳುತ್ತಲೇ ಒಂಬತ್ತು ರೊಟ್ಟಿಯ ಚೂರುಗಳನ್ನು ಬೆವರಿನ ಸಮೇತ, ಒಂದೂ ಬಿಡದೆ ನುಂಗಿದ.

ಡಾಕ್ಟರ್ ಶೈಲಜಾ ಬಂದು ಪಕ್ಕೆ ಒತ್ತಿ ನೋಡಿದರು. ಹೊಕ್ಕುಳಲ್ಲಿದ್ದ ಎಳ್ಳಿನ ಕಾಳನ್ನೂ ನೋಡಿದರು. "ಎಲಬಿಗೆ ಏನೂ ಆಗಿಲ್ಲ. ಹೊಟ್ಟಿ ಒಡಿಯೂದೊಂದು ಬಾಕಿ. ಎರಡು ದಿನ ಬರೇ ಗಂಜಿ ಕೊಡ್ರಿ," ಅಂದು ಹೋದರು.

ಪರಪ್ಪ ಒಳಗೆ ನುಗ್ಗಿದ. ಹಿಂದೆಯೇ ಚನ್ನವ್ವ, ಬುರಾನಸಾಬ, ಇನ್ನಷ್ಟು ಜನ. ಕಳಚಿಟ್ಟ ಬನಿಯನ್ನನ್ನು ಪರಪ್ಪ ಎತ್ತಿ ಝಾಡಿಸಿದ. ಏನೂ ಬೀಳಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

"ಅಳ್ಯಾರ, ತಪ್ಪಾತ್ರಿ. ಒಳಗ ರೊಟ್ಟಿ ಇಟ್ಕೊಂಡೀರಿ ಅಂತ ಸಂಶೇ ಬಂದಿತ್ತು, ಅದಕ್ಕ ಬಿಗಿಯಾಗಿ ಅಪ್ಪಿಕೊಂಡೆ. ಕಟ್ ಅಂದಿದ್ದು ರೊಟ್ಟಿ ಅಲ್ಲ, ನಿಮ್ಮ ಮೈಯಾನ ನೆಟಗಿ ಮುರದದ್ದು! ದೇವರಂಥಾ ಮನಷ್ಯಾನ್ನ ಕಳ್ಳ ಅಂದ್ಕೊಂಡೆ." ಹೇಳಿದಂತೆ ಎಲ್ಲರ ಮುಂದೆ ಕೈ ಮುಗಿದ.

ನಾಲ್ಕು ವರ್ಷದ ಭಾರ ಇಳಿದು ಕಲ್ಮೇಶನಿಗೆ ಹಾಯೆನಿಸಿತು.

"ಎರಡೆರಡ ರೊಟ್ಟಿ ಹಾಕಿ ನಿಮ್ಮ ಹೊಟ್ಟಿಗೆ ಅನ್ಯಾಯ ಮಾಡೇವ್ರಿ," ಪರಪ್ಪ ಕಣ್ಣೊರೆಸಿಕೊಂಡ. "ಈಗ ಫೋನ್ ಮಾಡೇನಿ. ನಿಮ್ಮತ್ತಿ ಹೋಳಿಗಿಗೆ ಹಂಚು ಇಟ್ಟಾಳ. ಡಾಕ್ಟರ್ ಮಾತು ಏನ್ ಕೇಳತೀರಿ, ಏಳ್ರಿ!"

ಬುರಾನಸಾಬ ಗಾಡಿ ಚಾಲೂ ಮಾಡಲು ಆಗಲೇ ಓಡಿದ್ದ.

"ಬ್ಯಾಡ್ರಿ ಮಾವಾರ," ಕಲ್ಮೇಶ ಮಂಚದ ಸರಳು ಹಿಡಿದುಕೊಂಡ. "ನಾ ಗುಬ್ಬೀನ ರೀ! ಖರೇ ಹೇಳತೇನಿ, ನಾ ಗುಬ್ಬೀನ!"

ಯಾರೂ ನಂಬಲಿಲ್ಲ.