ಮಾವನ ದ್ವೀಪದ ಮರದ ಕೊಕ್ಕರೆಗಳು

ನನ್ನ ಸೋದರಮಾವ ಉಷ್ಣವಲಯದ ದ್ವೀಪವೊಂದರ ಪ್ರವಾಸೋದ್ಯಮವನ್ನು ಏಕಾಂಗಿಯಾಗಿ ನಡೆಸುತ್ತಿದ್ದರು ಎಂದರೆ ಓದುಗರು ನಗಬಹುದು. ನಾನೂ ನಕ್ಕು, ಬಳಿಕ ಭೂಪಟ ತೆಗೆದು ಪರಿಶೀಲಿಸಿದೆ. ಚನ್ನಪಟ್ಟಣ ತಾಲ್ಲೂಕು ನಿಸ್ಸಂದೇಹವಾಗಿ ಉಷ್ಣವಲಯದಲ್ಲಿದೆ. ಊರ ಕೆರೆಯ ನಡುವೆ ಜಾಲಿಮರಗಳ ಗುಡ್ಡೆಯೊಂದಿದೆ, ಸುತ್ತ ನೀರಿದೆ, ಆದ್ದರಿಂದ ದ್ವೀಪ. ಮಾವನ ವಾದದಲ್ಲಿ ದೋಷವೆಲ್ಲಿದೆ? ಬೇಸಿಗೆಯಲ್ಲಿ ಮೇಕೆಗಳು ದ್ವೀಪಕ್ಕೆ ನಡೆದೇ ಹೋಗುತ್ತಿದ್ದವು ಎಂಬುದೊಂದನ್ನು ಬಿಟ್ಟರೆ!

“ಸಮುದ್ರದಲ್ಲೂ ನೀರು ಇಳಿಯಾಕಿಲ್ವೇನ್ಲಾ? ನಮ್ದು ಒಸಿ ನಿಧಾನಕ್ಕೆ ಇಳೀತೈತೆ, ಅಷ್ಟೇಯ” ಎನ್ನುತ್ತಿದ್ದರು ಮಾವ.

ಈ ಉದ್ಯಮ ಆರಂಭವಾದ ವರ್ಷದ ಬಗ್ಗೆ ಭಿನ್ನಾಭಿಪ್ರಾಯವಿದೆ. ಅತ್ತೆಯ ಪ್ರಕಾರ ಅದು ಸೀಮೆಹಸು ಅವಳಿ ಕರು ಹಾಕಿದ ವರ್ಷ. ಮಾವನ ಪ್ರಕಾರ ಅದರ ಹಿಂದಿನದು. ಪಶುವೈದ್ಯರ ಹಳೆಯ ಚೀಟಿ ಹುಡುಕಿ ಅತ್ತೆಯ ಪರವಾಗಿ ತೀರ್ಪಿತ್ತೆ. ಪಶುವೈದ್ಯರ ಲೆಕ್ಕವೇ ತಪ್ಪು ಎಂದರು ಮಾವ.

ಕಾರಣದ ಬಗ್ಗೆ ಮಾತ್ರ ವಿವಾದವಿಲ್ಲ. ಮುಂದಿನ ಬೇಸಿಗೆಯಲ್ಲಿ ಹೂಳೆತ್ತುವಾಗ ಗುಡ್ಡೆಯನ್ನೂ ಬಗೆದು ಸಮ ಮಾಡುವುದಾಗಿ ನೀರಾವರಿ ಇಲಾಖೆಯ ಎಂಜಿನಿಯರರೊಬ್ಬರು ಹೇಳಿಹೋಗಿದ್ದರು. ಕೊಕ್ಕರೆಗಳು ಗೂಡು ಕಟ್ಟುತ್ತಿದ್ದುದು ಅಲ್ಲಿಯೇ. ಆದರೆ ಕೆರೆ ಎರಡು ವರ್ಷ ಒಣಗಿದ್ದರಿಂದ ಅವು ಬಂದಿರಲಿಲ್ಲ. ಈಗ ನೀರು ತುಂಬಿತ್ತು, ಹಕ್ಕಿಯಿರಲಿಲ್ಲ.

“ಜನ ನೋಡಕ್ಕೆ ಬರೋ ಜಾಗವ ಯಾವನೂ ಬಗೆಯಾಕಿಲ್ಲ” ಎಂದು ಮಾವ ನಿರ್ಧರಿಸಿದರು. ಕೆಂಗಲ್ಲಿನಲ್ಲಿ ದೇವಸ್ಥಾನಕ್ಕೆಂದು ಬಸ್ಸಿಳಿದವರನ್ನೂ ಬಿಡದೆ ಕರೆತಂದು ಹರಿಗೋಲಿಗೆ ಹತ್ತಿಸಿದರು. ನಲವತ್ತು ಹೆಜ್ಜೆಯ ದ್ವೀಪದಲ್ಲಿ ಉತ್ತರ ತೀರ, ದಕ್ಷಿಣ ತೀರ ಎರಡನ್ನೂ ತೋರಿಸುತ್ತಿದ್ದರು. ಬಿಡದಿಯಿಂದ ಬಂದವರೊಬ್ಬರು, “ದ್ವೀಪ ಅಂದಮೇಲೆ ತೆಂಗಿನಮರ ಎಲ್ಲಿ?” ಎಂದರು. ಮರುದಿನವೇ ಮಾವ ಎರಡು ಸಸಿ ನೆಟ್ಟರು.

ಎಂಜಿನಿಯರರು ಮತ್ತೆ ಬರುವ ಸುದ್ದಿ ಬಂದಾಗ ಮಾವ ಓಡಿದ್ದು ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವ ಗೆಳೆಯರೊಬ್ಬರ ಬಳಿಗೆ.

“ಹತ್ತು ಕೊಕ್ಕರೆ ಬೇಕು ಸಾಬ್ರೇ. ಬರೀ ಬಿಳಿ ಬಣ್ಣ.”

“ಬಿಳಿ ಒಂದೇನಾ ಗೌಡ್ರೇ? ನಮ್ಮ ಕೈಯಿಂದ ಹೋಗೋ ಮಾಲು, ಒಂದು ಕೆಂಪು ಗೆರೆನಾದ್ರೂ ಇರಬೇಕು. ಇಲ್ಲಾಂದ್ರೆ ಮರ್ಯಾದೆ ಏನು ಉಳೀತು?”

ಹೀಗಾಗಿ ಹತ್ತೂ ಕೊಕ್ಕರೆಗಳು ಕೊರಳಿಗೆ ಅರಗಿನ ಕೆಂಪು ಪಟ್ಟಿ ಧರಿಸಿ ಜಾಲಿಮರವೇರಿದವು. ಎಂಜಿನಿಯರರು ಏರಿಯ ಮೇಲಿಂದ ದುರ್ಬೀನು ಹಿಡಿದರು.

“ಏನ್ರೀ, ಅಲ್ಲಾಡ್ತಾನೇ ಇಲ್ವಲ್ಲ?”

“ಹೊಟ್ಟೆ ತುಂಬೈತೆ ಸ್ವಾಮಿ.”

“ಕುತ್ತಿಗೆಗೆ ಕೆಂಪು ಪಟ್ಟಿ ಬೇರೆ. ಯಾವೂರಿನ ಹಕ್ಕಿ ಇವು?”

“ಚನ್ನಪಟ್ಟಣದ್ದೇಯ.”

ಆ ಮನುಷ್ಯ ನಕ್ಕುಬಿಟ್ಟರು. ಆದರೆ ಗಡುವು ವಿಧಿಸಿದರು: ಶಿವರಾತ್ರಿಯೊಳಗೆ ಜೀವವಿರುವ ಕೊಕ್ಕರೆಯ ಒಂದು ಗೂಡು ತೋರಿಸಬೇಕು, ಇಲ್ಲವಾದರೆ ಗುಡ್ಡೆ ಉಳಿಯದು.

ಮಾವ ಅಂದಿನಿಂದ ದಿನವಿಡೀ ಏರಿಯ ಮೇಲೆಯೇ ಕುಳಿತರು. ಮುದ್ದೆಯೂ ಅಲ್ಲಿಗೇ ಹೋಗುತ್ತಿತ್ತು. ಶಿವರಾತ್ರಿಗೆ ಐದು ದಿನವಿತ್ತು (ಪಂಚಾಂಗ ನೋಡಿಯೇ ಬರೆಯುತ್ತಿದ್ದೇನೆ). ಮರದ ಕೊಕ್ಕರೆಯೊಂದರ ಪಕ್ಕ ಮತ್ತೊಂದು ಬಂದು ಕುಳಿತು ರೆಕ್ಕೆ ಕೊಡವಿತು. ಮರುದಿನ ಜೋಡಿಯಾಯಿತು. ಎಂಜಿನಿಯರರು ಬಂದಾಗ ಅವು ಕಡ್ಡಿ ಜೋಡಿಸುತ್ತಿದ್ದವು. ಗುಡ್ಡೆಯನ್ನು ಮುಟ್ಟಕೂಡದೆಂದು ಅವರು ಅಲ್ಲಿಯೇ ನಿಂತು ಬರೆದುಕೊಟ್ಟರು.

ಸುದ್ದಿ ಹಬ್ಬಿ ಪ್ರವಾಸಿಗರು ತಾವಾಗಿಯೇ ಬಂದರು. ನಾನು ಉತ್ಸಾಹದಿಂದ ಹರಿಗೋಲು ಹುಡುಕಿದರೆ, ಮಾವ ಅದನ್ನು ಮನೆಗೆ ಹೊತ್ತು ತಂದು ಕೊಟ್ಟಿಗೆಯ ಪಕ್ಕ ಬೋರಲು ಹಾಕಿದ್ದರು.

“ಮಾವ, ದ್ವೀಪ ನೋಡೋಕೆ ನಾಲ್ಕು ಜನ ಬಂದಿದ್ದಾರೆ.”

“ಏರಿ ಮ್ಯಾಲಿಂದಲೇ ನೋಡ್ಲಿ ಕಣಪ್ಪ. ಅಲ್ಲಿ ಬಾಣಂತೀರವ್ರೆ.”

ಕೆರೆ ಮನೆಯಿಂದ ಅರ್ಧ ಮೈಲಿ ದೂರವಿತ್ತು. ಆದರೂ ಮಾವ ಆ ಮಾತನ್ನು ಪಿಸುದನಿಯಲ್ಲಿಯೇ ಆಡಿದರು.