ಹೊಸ್ತಿಲಲ್ಲಿ ಚಿತ್ ಆದ ಪೈಲ್ವಾನ

ಭಾನುವಾರ, ಬೆಳಗಿನ ಏಳೂವರೆ ಗಂಟೆ. ಗಜೇಂದ್ರಗಡ. ಚಹಾ ಮುಗಿದಿದೆ, ಮಕ್ಕಳು ಎದ್ದಿಲ್ಲ. ಬರೆಯಲು ಇದೇ ಸಮಯ.

ಸಿನಿಮಾ ನೋಡುವಾಗಲೂ ಲೆಕ್ಕ ಬರೆದುಕೊಳ್ಳುವವನನ್ನು ಜನ ಯಾಕೆ ಪಕ್ಕದಲ್ಲಿ ಕೂಡಿಸಿಕೊಳ್ಳುವುದಿಲ್ಲ ಎಂಬುದು ನನಗೆ ಈಚೆಗೆ ತಿಳಿದಿದೆ. ಹೋದ ವಾರ ಮನೆಮಂದಿಯೆಲ್ಲ ಟಿವಿಯಲ್ಲಿ ಒಂದು ನಗೆ ಸಿನಿಮಾ ನೋಡಿದೆವು. ಊರನ್ನೇ ನಡುಗಿಸುವ ದಾಂಡಿಗನೊಬ್ಬ ಯಾರದೋ ತುಂಟ ಮಕ್ಕಳನ್ನು ಕಾಯಬೇಕಾಗುತ್ತದೆ. ಮಕ್ಕಳು ಅವನನ್ನು ಹಣ್ಣುಗಾಯಿ ಮಾಡುತ್ತಾರೆ. ನಡುವೆ ಒಂದು ಹಾಡು. ಹಾಡು ಮುಗಿದದ್ದೇ ತಡ, ಅದೇ ಮಕ್ಕಳು ಸಾಲಾಗಿ ನಿಂತು ಹಲ್ಲುಜ್ಜುತ್ತಾರೆ. ಮಕ್ಕಳು ಗೆದ್ದದ್ದು ಹನ್ನೊಂದು ಸಲ, ದಾಂಡಿಗ ಗೆದ್ದದ್ದು ಒಂದೇ ಸಲ, ಅದೂ ಕೊನೆಗೆ, ಎಂದು ಡೈರಿಯಲ್ಲಿ ಬರೆದೆ. "ನಗೋದ ಬಿಟ್ಟ ಏನ್ ಗೀಚಾಕತ್ತೀಯೋ?" ಎಂದ ಅಣ್ಣ. ಬರೆದದ್ದು ಎಂದಾದರೂ ಉಪಯೋಗಕ್ಕೆ ಬರುತ್ತದೆ ಎಂದು ನಂಬಿದವನು ನಾನು.

ಉಪಯೋಗ ಬುಧವಾರವೇ ಬಂತು. ಅಣ್ಣ ಮತ್ತು ಅವನ ಹೆಂಡತಿ, ಅಂದರೆ ನಮ್ಮ ವೈನಿ, ರೋಣದ ದವಾಖಾನೆಯಲ್ಲಿದ್ದ ಅತ್ತೆಯನ್ನು ನೋಡಿಕೊಂಡು ಬರಬೇಕಿತ್ತು. ಮಗ್ಗದ ಮೇಲೆ ನರಗುಂದದ ಮದುಮಗಳೊಬ್ಬಳ ಸೀರೆ ಇತ್ತು. ಸೆರಗಷ್ಟೇ ಬಾಕಿ, ಶುಕ್ರವಾರ ಕೊಡಬೇಕು. ನಮ್ಮ ಮಗ್ಗದ ಕೋಣೆಗೆ ಬಾಗಿಲಿಲ್ಲ, ಒಂದು ಪರದೆ ಮಾತ್ರ. ನೇಯುವವರು ಕಾಲು ಇಳಿಬಿಡುವ ಕುಣಿಗೆ ಜಿಗಿಯುವುದೇ ಅಣ್ಣನ ಮೂವರು ಮಕ್ಕಳಿಗೆ ಎಲ್ಲಕ್ಕಿಂತ ದೊಡ್ಡ ಆಟ.

"ಒಬ್ಬರು ಜಿಗದ್ರೂ ಹಾಸಿನ ಎಳಿ ಹರೀತಾವ," ಎಂದರು ವೈನಿ. "ಎಳಿ ಎಳಿ ಹುಡುಕಿ ಗಂಟ ಹಾಕೋದ್ರಾಗ ಎರಡ ದಿನ ಹೋಗತಾವ. ಆ ಹುಡುಗಿ ಮದವಿಗೆ ಏನ್ ಉಟಗೋಬೇಕು?"

"ನಿಮ್ಮ ತಮ್ಮನ್ನ ಕರಸ್ರಿ ವೈನಿ," ಎಂದೆ. ರಾಜೂರಿನ ಬಸವಂತ ಪೈಲ್ವಾನ. ಕುಸ್ತಿ ಕಣದಲ್ಲಿ ಅವನು ತೊಡೆ ತಟ್ಟಿದರೆ ಎದುರಿನವನು ತನ್ನ ಚಪ್ಪಲಿ ಎಲ್ಲಿದೆ ಎಂದು ನೋಡುತ್ತಾನೆ.

"ಅವಾ ಹುಡುಗರ ಮುಂದ ಬೆಣ್ಣಿ. ನೀನೂ ಮನ್ಯಾಗ ಇರ್ತೀ ಹೌದಿಲ್ಲೋ?"

"ಇರ್ತೀನ್ರಿ."

"ಅದು ಬ್ಯಾರೆ ಹೆದರಿಕಿ ನನಗ," ಎಂದು ಬಸ್ಸಿಗೆ ನಡೆದರು.

ನಾನು ಹೆದರಲಿಲ್ಲ. ಶಾಲೆಗೆ ರಜೆ ನಡೆದಿತ್ತು. ಗಂಟೆಗಂಟೆಗೆ ಮಕ್ಕಳು ಏನು ಮಾಡಬೇಕು ಎಂಬ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಒಂಬತ್ತಕ್ಕೆ ಕಾಗುಣಿತ, ಹತ್ತಕ್ಕೆ ಚಿತ್ರ, ಹನ್ನೊಂದಕ್ಕೆ ಮೌನ. ಹತ್ತು ಗಂಟೆಯ ಹೊತ್ತಿಗೆ ಆರು ವರ್ಷದ ಈರ್ಯಾ ಅದನ್ನು ಕಿತ್ತು ದೋಣಿ ಮಾಡಿದ್ದ, ಮೂರು ವರ್ಷದ ಚಿನ್ನಿ ಆ ದೋಣಿಯ ಅರ್ಧ ತಿಂದಿದ್ದಳು. ಎಂಟು ವರ್ಷದ ಗೌರಿ ಮಗ್ಗದ ಪರದೆಯನ್ನೇ ನೋಡುತ್ತಿದ್ದಳು.

ಆಗ ಬಸವಂತ ಬಂದ. ಬಾಗಿಲು ಕತ್ತಲಾಯಿತು. ಬಂದವನೇ ಒಮ್ಮೆ ಗುಡುಗಿದ. ಗೋಡೆಯ ಮೇಲಿನ ಹಲ್ಲಿ ಓಡಿತು. ಮಕ್ಕಳು ಮಾತ್ರ ಸಂತೋಷದಿಂದ, "ಮಾಮಾ, ಇನ್ನೊಮ್ಮಿ," ಎಂದರು. ಸಿನಿಮಾದ ಮೊದಲರ್ಧ, ಎಂದು ಬರೆದುಕೊಂಡೆ.

"ಮಾಮಾ, ನೀ ಖರೇ ಪೈಲ್ವಾನೇನು?" ಎಂದಳು ಗೌರಿ. "ಖರೇ ಇದ್ರ ನನ್ನ ಕೂಡ ಕುಸ್ತಿ ಹಿಡಿ."

ಬಸವಂತ ಕಣ್ಣು ಕಿರಿದು ಮಾಡಿ ಪರದೆ ನೋಡಿದ, ಗೌರಿಯನ್ನು ನೋಡಿದ. ಆಮೇಲೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಬಗ್ಗಿ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡ. ಗರಡಿಯಲ್ಲಿ ಮಣ್ಣಿಗೆ ಮಾಡುವ ನಮಸ್ಕಾರವದು. ಮಕ್ಕಳೂ ಹಾಗೇ ಮಾಡಿದರು. ಗೌರಿ ಕಾಲು ಹಿಡಿದಳು, ಈರ್ಯಾ ಸೊಂಟ ಹಿಡಿದ, ಚಿನ್ನಿ ಹೆಬ್ಬೆರಳು ಕಚ್ಚಿದಳು. ಪೈಲ್ವಾನ ತೂರಾಡಿದ, ಹಿಂದೆ ಹಿಂದೆ ಸರಿದ, ಮಗ್ಗದ ಕೋಣೆಯ ಹೊಸ್ತಿಲಿಗೆ ಅಡ್ಡಲಾಗಿ ದೊಪ್ಪನೆ ಬಿದ್ದ. ಎರಡೂ ಹೆಗಲು ನೆಲಕ್ಕೆ ತಾಗಿದವು. ಚಿತ್. ಸೋತ.

"ಸೋತೀನವಾ," ಎಂದ ಮಲಗಿದಲ್ಲೇ. "ಆದ್ರ ಗರಡಿ ನೇಮ ಐತಿ. ಗೆದ್ದವರು ಕೈ ಕೊಡೋತನಕ ಸೋತಾಂವ ಏಳಂಗಿಲ್ಲ. ಗೆದ್ದವರು ಅವನ್ನ ದಾಟಿದ್ರ, ಬಿಟ್ಟ ಹೋದ್ರ, ಕುಸ್ತಿ ರದ್ದು. ಮತ್ತ ನಾ ಎದ್ದ ಹಿಡೀತೀನಿ."

ಗೌರಿ ಯೋಚಿಸಿದಳು. ಇಷ್ಟು ದೊಡ್ಡ ಗೆಲುವನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ. "ಕೈ ಕೊಡಂಗಿಲ್ಲ," ಎಂದು ಎದೆಯ ಮೇಲೆ ಕೂತಳು. ಈರ್ಯಾ ಪರದೆಯ ಕಡೆ ಕಾಲೆತ್ತಿದಾಗ ಅವಳೇ ಚಡ್ಡಿ ಹಿಡಿದು ಎಳೆದಳು. "ದಾಟಬ್ಯಾಡಲೇ, ಮಾಮಾ ಎದ್ದಗಿದ್ದಾನು."

ಆಮೇಲೆ ನಾನು ಕಂಡದ್ದನ್ನು ಯಾವ ಸಿನಿಮಾದಲ್ಲೂ ಕಂಡಿಲ್ಲ. ಬೆಳಗಿನಿಂದ ಸಂಜೆಯವರೆಗೆ ಆ ಗುಡ್ಡದಂಥ ಮನುಷ್ಯ ಹೊಸ್ತಿಲು ಬಿಟ್ಟು ಅಲುಗಲಿಲ್ಲ. ಮಕ್ಕಳು ಅವನನ್ನು ಕಾದರು. ಚುರುಮುರಿ ಗಿರ್ಮಿಟ್ ತಂದು ಅವನ ಬಾಯಿಗಿಟ್ಟರು, ಅರ್ಧ ಮೀಸೆಗೆ ಹೋಯಿತು. ಈರ್ಯಾ ಅಂಗಾಲಿಗೆ ಕಚಗುಳಿ ಇಟ್ಟ. ಬಸವಂತ ಮೇಲೆ ತೊಲೆ ನೋಡುತ್ತ ಉಸಿರು ಬಿಗಿಹಿಡಿದ. ಕಿವಿಯ ಹಿಂದೆ ಇರುವೆಗಳ ಸಾಲು ಹರಿಯಿತು. ಮಧ್ಯಾಹ್ನ ಚಿನ್ನಿ ಅವನ ಹೊಟ್ಟೆಯ ಮೇಲೆ ನಿದ್ದೆ ಹೋದಳು. ಪ್ರತಿ ಉಸಿರಿಗೂ ಅವಳು ಮೇಲೆ ಹೋಗಿ ಕೆಳಗೆ ಬರುತ್ತಿದ್ದಳು. ಅವಳಿಗೆ ಎಚ್ಚರವಾದೀತೆಂದು ಅವನು ಉಸಿರನ್ನೂ ಸಣ್ಣಗೆ ಬಿಡುತ್ತಿದ್ದ. ನಾನು ಬರೆಯುವುದನ್ನು ನಿಲ್ಲಿಸಿ ಸುಮ್ಮನೆ ನೋಡಿದೆ. ಆ ಪುಟ ಈಗಲೂ ಖಾಲಿ ಇದೆ.

ಸಂಜೆ ವೈನಿ ಬಂದಾಗ ತಮ್ಮ ನೆಲದ ಮೇಲಿದ್ದ. "ಏನಾತೋ ಬಸ್ಯಾ?"

"ಸೋತೀನಕ್ಕಾ. ಕೈ ಕೊಡಾಕ ಹೇಳು."

ಅವ್ವನ ಮಾತಿಗೆ ಗೌರಿ ಕೈ ಕೊಟ್ಟಳು. ಮೂವರೂ ಸೇರಿ ಎಬ್ಬಿಸಿದರು. ಜೋಮು ಹಿಡಿದ ಕಾಲಿನಲ್ಲಿ ಅವನು ಮತ್ತೊಮ್ಮೆ, ಈ ಸಲ ಖರೇ, ಬಿದ್ದ. ವೈನಿ ಮಗ್ಗದ ಕೋಣೆಗೆ ಹೋದರು. ಒಳಗಿಂದ ದನಿ ಬಂತು: "ಇಲ್ಲಿ ನಾಕ ಎಳಿ ಹರದಾವಲ್ಲ. ಯಾರ ಬಂದಿದ್ರು?"

"ಕಾಕಾ," ಎಂದಳು ಗೌರಿ. "ಮಾಮಾನ್ನ ದಾಟಿ ಹೋಗಿದ್ದ. ಅಂವಾ ಗೆದ್ದಾಂವಲ್ಲಲ್ಲ, ಬಿಟ್ಟೆ."

ನಿಜ. ಎಳೆಗಳೆಲ್ಲ ಸರಿಯಾಗಿವೆಯೇ ಎಂದು ನೋಡಿ ಬರೆದುಕೊಳ್ಳಲು ಹೋಗಿದ್ದೆ. ಬಗ್ಗಿದಾಗ ಜೇಬಿನ ಪೆನ್ನು ಸಿಕ್ಕಿಕೊಂಡಿತು. ನಾಲ್ಕೇ ಎಳೆಯಾದ್ದರಿಂದ ವೈನಿ ದೀಪ ಹಚ್ಚುವುದರೊಳಗೆ ಗಂಟು ಹಾಕಿದರು, ನನ್ನ ಕಡೆ ನೋಡದೆ. ಸೀರೆ ಶುಕ್ರವಾರವೇ ನರಗುಂದಕ್ಕೆ ಹೋಯಿತು.

ಒಂದು ಮಾತು ಉಳಿದಿದೆ. ಗೆದ್ದವರು ಕೈ ಕೊಡುವ ತನಕ ಸೋತವನು ಏಳಬಾರದೆಂಬ ನೇಮ ಗರಡಿಯಲ್ಲಿ ನಿಜವಾಗಿ ಇದೆಯೇ? ಬಸವಂತನನ್ನು ಕೇಳಿದರೆ ಮೀಸೆ ಒರೆಸಿಕೊಳ್ಳುತ್ತಾನೆ. ಪುರ್ತಗೇರಿಯ ಹಳೆಯ ಪೈಲ್ವಾನರೊಬ್ಬರು, "ಹಂತಾದ್ದು ಎಂದೂ ಕೇಳಿಲ್ಲಪಾ," ಎಂದರು. ಬಲ್ಲವರಿದ್ದರೆ ದಯಮಾಡಿ ಬರೆದು ತಿಳಿಸಿ. ಇಲ್ಲ ಎಂದಾದರೆ ಮಾತ್ರ ಗೌರಿಯ ಕಣ್ಣಿಗೆ ಬೀಳದ ಹಾಗೆ ಬರೆಯಿರಿ. ಬರುವ ಬುಧವಾರ ಅಣ್ಣ ವೈನಿ ಮತ್ತೆ ರೋಣಕ್ಕೆ ಹೋಗುವವರಿದ್ದಾರೆ, ಮತ್ತು ಬಸವಂತ ಕಾಯಬೇಕಾದವರ ಪಟ್ಟಿಯಲ್ಲಿ ವೈನಿ ಈ ಸಲ ನನ್ನ ಹೆಸರನ್ನೂ ಸೇರಿಸಿದ್ದಾರೆ.